ಆಗ್ರಾ ಕೋಟೆಯೊಳಗೆ ಕಂಡ ನನ್ನ ಖೋಲಿ

ಮೊಮ್ಮಕ್ಕಳೇ, ನಾನು ಯಾತ್ರೆಯಿಂದ ಬಂದ ದಿನ ನೀವಿಬ್ಬರೂ ನನ್ನ ಚೀಲ ಇಳಿಸಿಕೊಳ್ಳುವ ಮೊದಲೇ ‘ಆಯಿ, ಆಗ್ರಾದಾಗ ಏನೇನ ನೋಡಿದಿ?’ ಎಂದು ಕೇಳಿದಿರಿ. ‘ತಾಜಮಹಲ ಭಾಳ ಚಲೋ ಐತಿ’ ಎಂದಷ್ಟೇ ಹೇಳಿ ಒಳಗೆ ಹೋದೆ. ಅದು ನಿಮಗೆ ಸಾಕಾಗಲಿಲ್ಲ ಎಂಬುದು ನಿಮ್ಮ ಮುಖದಲ್ಲೇ ಕಾಣುತ್ತಿತ್ತು. ಏನು ಮಾಡಲಿ, ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಸತ್ತಿ ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಗುರುಗಳು ‘ಎದ್ದು ಓದು’ ಎಂದರೆ ಗಂಟಲು ಕಟ್ಟುತ್ತಿತ್ತು, ‘ಕೂತು ಬರಿ’ ಎಂದರೆ ಪಾಟಿಯ ಎರಡೂ ಬದಿ ತುಂಬುತ್ತಿತ್ತು. ಅದಕ್ಕೇ ಈಗಲೂ ಕೂತು ಬರೆಯುತ್ತಿದ್ದೇನೆ.

ನಾನು ಹೇಳಬೇಕಾದದ್ದು ತಾಜಮಹಲಿನ ಮಾತಲ್ಲ, ಅದರ ಆಚೆ, ಹೊಳೆಯ ತಿರುವಿನಲ್ಲಿರುವ ಕೋಟೆಯ ಮಾತು. ಆ ಕೋಟೆಯಲ್ಲಿ ಬಾದಶಹರ ಅರಮನೆ ಇದೆ. ಅಲ್ಲಿ ನನ್ನ ಎದೆ ಒಡೆದಂತಾಯಿತು. ಯಾಕೆಂದು ಹೇಳುವ ಮೊದಲು ನಮ್ಮ ಮನೆಯ ಸಂಗತಿ ಹೇಳಬೇಕು.

ಆಗ ನಮ್ಮ ಈ ಮನೆ ಅರ್ಧ ಎದ್ದಿತ್ತು. ಊರೊಳಗಿನ ಹಳೆಯ ಮನೆಯ ಗೋಡೆ ಬಿರುಕು ಬಿಟ್ಟ ಮೇಲೆ ನಿಮ್ಮ ಅಪ್ಪ ತೋಟದಲ್ಲೇ ಹೊಸ ಮನೆ ಕಟ್ಟಲು ಹಿಡಿದಿದ್ದ. ನಾವೆಲ್ಲ ಪಕ್ಕದ ತಗಡಿನ ಪತ್ರಾಸಿನ ಶೆಡ್ಡಿನಲ್ಲಿದ್ದೆವು. ಕೆಳಗಿನ ಗೋಡೆ ಮುಗಿದು ಸ್ಲ್ಯಾಬು ಬಿದ್ದಿತ್ತು, ಮೇಲಿನ ಖೋಲಿಯ ಗೋಡೆ ಏಳುತ್ತಿತ್ತು. ಒಂದು ಮುಂಜಾನೆ ನಿಮ್ಮ ಅಪ್ಪ ನನ್ನ ಕೈಹಿಡಿದು, ಇನ್ನೂ ಕಟಕಟೆ ಇಲ್ಲದ ಪಾವಟಿಗೆಯ ಮೇಲೆ ನಿಧಾನವಾಗಿ ಹತ್ತಿಸಿ, ಆ ಖೋಲಿಯಲ್ಲಿ ನಿಲ್ಲಿಸಿದ.

‘ಅವ್ವಾ, ಇದು ನಿಂದು. ಕಿಡಕಿ ಇಲ್ಲಿ ಬರತೈತಿ ನೋಡು. ಎದ್ದ ಕೂಡ್ಲೇ ಅಪ್ಪನ ಗದ್ದುಗಿ ಕಾಣಬೇಕು ನಿನಗ. ಬಾತರೂಮ ಇಲ್ಲೇ, ಟೀವಿ ಇಲ್ಲೇ, ಊಟಾ ಮ್ಯಾಲೇ ತಂದು ಕೊಡತಾರ. ನೀ ಕೆಳಗ ಇಳಿಯೋದ ಬೇಕಾಗಂಗಿಲ್ಲ.’

ನಮ್ಮಲ್ಲಿ ತೀರಿಕೊಂಡವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿ ಮೇಲೆ ಕಲ್ಲಿನ ಗದ್ದುಗೆ ಕಟ್ಟುತ್ತೇವೆ. ನಿಮ್ಮ ಅಜ್ಜನ ಗದ್ದುಗೆ ದ್ರಾಕ್ಷಿ ಬಳ್ಳಿಗಳ ಪಡದ ಅಂಚಿನಲ್ಲಿ ಇರುವುದು ನಿಮಗೆ ಗೊತ್ತೇ ಇದೆ. ನಾನು ದಿನವೂ ಬೆಳಿಗ್ಗೆ ಒಂದು ತಂಬಿಗೆ ನೀರು ಒಯ್ದು, ಕಲ್ಲು ತೊಳೆದು, ಎರಡು ಹೂ ಇಟ್ಟು, ಒಂದೆರಡು ಮಾತಾಡಿ ಬರುತ್ತೇನೆ. ಆಮೇಲೆ ಹಾಲು, ಕೊಟ್ಟಿಗೆ, ಅಂಗಳ, ನೀರು ಕೇಳಲು ಬರುವ ಆಳುಗಳು, ಶಾಲೆಯಿಂದ ಬಂದು ಚೀಲ ಎಸೆಯುವ ನೀವು. ಇದೆಲ್ಲ ಕೆಳಗೇ ನಡೆಯುವುದು. ಮೇಲೆ ಕೂತರೆ ಅದು ಸಪ್ಪಳವಾಗಿ ಮಾತ್ರ ಕೇಳಿಸುತ್ತದೆ. ‘ಇಳಿಯೋದ ಬೇಕಾಗಂಗಿಲ್ಲ’ ಎಂಬ ಮಾತು ಕೇಳಿದಾಗಿನಿಂದ ನನಗೆ ಒಳಗೊಳಗೇ ಅಂಜಿಕೆ. ಆದರೆ ಬೇಡವೆನ್ನುವುದು ಹೇಗೆ? ಅವನು ಪ್ರೀತಿಯಿಂದ ಕೊಡುತ್ತಿದ್ದಾನೆ. ಊರಲ್ಲಿ ಎಲ್ಲರೂ ‘ತಾಯಿಗೆ ಮ್ಯಾಲಿನ ಖೋಲಿ ಬಿಟ್ಟಾನ, ಇಂಥಾ ಮಗಾ ಸಿಗಬೇಕ್ರಿ’ ಎನ್ನುತ್ತಿದ್ದಾರೆ. ನಾನು ಹೂಂ ಎಂದು ತಲೆ ಅಲ್ಲಾಡಿಸಿ ಕೆಳಗಿಳಿದು ಬಂದೆ.

ಅಷ್ಟರಲ್ಲಿ ದ್ರಾಕ್ಷಿ ಕಟಾವು ಮುಗಿಯಿತು, ಹಣ್ಣು ಒಣಗಿಸಿ ಮಣೂಕ ಮಾಡಿ ಡಬ್ಬಿ ತುಂಬಿದ್ದಾಯಿತು, ಬಳ್ಳಿ ಕತ್ತರಿಸುವ ಚಾಟಣಿಯೂ ಆಯಿತು. ನಮ್ಮ ಅಥಣಿ ಕಡೆಯ ಒಂದಿಷ್ಟು ಹೆಂಗಸರು ಆಗ್ರಾ ನೋಡಿಕೊಂಡು ಕಾಶಿಗೆ ಹೊರಟರು. ನಿಪ್ಪಾಣಿಗೆ ಕೊಟ್ಟಿರುವ ನನ್ನ ನಾದಿನಿ, ಎಂದರೆ ನಿಮ್ಮ ಅಜ್ಜನ ತಂಗಿ, ನನ್ನ ಹೆಸರನ್ನೂ ಸೇರಿಸಿಬಿಟ್ಟಳು. ಅವಳು ನನ್ನ ಹಾಗಲ್ಲ, ಕನ್ನಡ, ಮರಾಠಿ, ಹಿಂದಿ ಮೂರನ್ನೂ ಕಲಸಿ ಯಾರ ಜೊತೆ ಬೇಕಾದರೂ ಮಾತಾಡುತ್ತಾಳೆ. ‘ನೀ ಕಾಶಿಯಿಂದ ಬರೋದರೊಳಗ ಕಿಡಕಿ ಕುಂಡರಸಿರತೇನಿ ಅವ್ವಾ’ ಎಂದು ನಿಮ್ಮ ಅಪ್ಪ ಮೀರಜಿನಲ್ಲಿ ರೈಲು ಹತ್ತಿಸಿದ.

ದಾರಿಯುದ್ದಕ್ಕೂ ನಾದಿನಿಗೆ ಆ ಕಿಟಕಿಯದೇ ಸುದ್ದಿ. ಬುತ್ತಿಯ ರೊಟ್ಟಿ ಮುರಿಯುತ್ತ ಎದುರಿಗೆ ಕೂತ ಹೆಂಗಸರಿಗೆಲ್ಲ ಹೇಳುತ್ತಿದ್ದಳು. ‘ನಮ್ಮ ವೈನಿ ಪುಣ್ಯವಂತಿ. ಹಾಸಿಗಿ ಮ್ಯಾಲ ಮಲಗಿದಲ್ಲೇ ನಮ್ಮಣ್ಣಾ ಕಾಣತಾನ ಅಕಿಗೆ.’ ನಾನು ರೈಲಿನ ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಆಗ್ರಾದಲ್ಲಿ ಬೆಳಿಗ್ಗೆ ಮೊದಲು ತಾಜಮಹಲಿಗೆ ಹೋದೆವು. ಅದು ಬಾದಶಹನೊಬ್ಬ ತನ್ನ ಹೆಂಡತಿಯ ಗೋರಿಯ ಮೇಲೆ ಕಟ್ಟಿಸಿದ್ದು ಎಂದು ಗೊತ್ತಾದ ಕೂಡಲೇ ನಮ್ಮ ಹೆಂಗಸರಿಗೆ ಪರಿಚಯದ ಜಾಗಕ್ಕೆ ಬಂದಂತಾಯಿತು. ಗೋರಿಯ ಸುತ್ತಲಿನ ಕಲ್ಲಿನ ಜಾಲರಿಗೆ ಹಣೆ ಹಚ್ಚಿ, ಸೆರಗೊಡ್ಡಿ, ಸಾಲಾಗಿ ಸುತ್ತು ಬಂದೆವು. ನಾದಿನಿ ಕಾವಲಿನವನಿಗೆ ‘ಭಾವೂ, ವಿಭೂತಿ ಕುಠೆ ಆಹೆ?’ ಎಂದು ವಿಭೂತಿ ಎಲ್ಲಿದೆಯೆಂದು ಮರಾಠಿಯಲ್ಲಿ ಕೇಳಿದಳು. ಅವನು ಕಣ್ಣು ಕಣ್ಣು ಬಿಟ್ಟು ಎಲ್ಲರನ್ನೂ ಹೊರಗೆ ದಾಟಿಸಿದ. ‘ವಿಭೂತಿ ಇಲ್ಲದ ಗದ್ದುಗಿ ಎಂಥಾದ ಬೇ?’ ಎಂದು ಅವಳು ಹೊರಗೆ ಬಂದರೂ ಗೊಣಗುತ್ತಿದ್ದಳು. ಆಗ ನಾನೂ ನಕ್ಕಿದ್ದೆ.

ನಂತರ ಕೋಟೆ. ದೂರದಿಂದ ನೋಡಿದಾಗ ಅದು ಗೋಡೆ ಎಂದು ಅನಿಸಲೇ ಇಲ್ಲ. ನಮ್ಮ ಕೃಷ್ಣೆಯ ದಂಡೆಯನ್ನು ಯಾರೋ ಎತ್ತಿ ನಿಲ್ಲಿಸಿ ಕೆಂಪು ಬಳಿದ ಹಾಗಿತ್ತು. ಸುತ್ತ ಕಂದಕ, ಒಂದರ ಒಳಗೊಂದು ಗೋಡೆ. ಬಾಗಿಲು ದಾಟಿದರೆ ಎರಡೂ ಬದಿ ಎತ್ತರದ ಗೋಡೆಗಳ ನಡುವೆ ಕಲ್ಲು ಹಾಸಿದ ಏರುದಾರಿ. ಆನೆ ಕುದುರೆಗಳ ಕಾಲು ಜಾರದಿರಲೆಂದು ಆ ಕಲ್ಲಿಗೆ ಗೆರೆ ಹೊಡೆದಿದ್ದಾರೆ. ಮಧ್ಯಾಹ್ನದ ಬಿಸಿಲು ಗೋಡೆಯಿಂದ ಸಿಡಿಯುತ್ತಿತ್ತು. ಯಾರೋ ಕೆಮ್ಮಿದರೆ ಆ ಸಪ್ಪಳ ಗೋಡೆಗೆ ಬಡಿದು ನಮ್ಮ ಮುಂದೆ ಮುಂದೆ ಹೋಗುತ್ತಿತ್ತು. ವೈರಿ ಒಳಗೆ ಬಂದರೂ ಈ ಓಣಿಯಲ್ಲಿ ಸಿಕ್ಕಿ ಸಾಯಬೇಕು, ಹಾಗೆ ಕಟ್ಟಿದ್ದು ಎಂದು ನಮ್ಮ ಗೈಡ್ ಹೇಳಿದ. ಅವನು ಬಿಳಿ ಗಡ್ಡದ ಮುದುಕ, ಹಿಂದಿಯಲ್ಲಿ ನಿಧಾನವಾಗಿ ಹೇಳುತ್ತಿದ್ದ. ನಾದಿನಿ ಅದನ್ನು ನಮ್ಮ ಮಾತಿಗೆ ತಿರುಗಿಸಿ ತನ್ನದೂ ನಾಲ್ಕು ಸೇರಿಸುತ್ತಿದ್ದಳು. ನನಗೆ ಮಾತ್ರ ಹೊರಗಿನವರನ್ನು ತಡೆಯಲು ಇಷ್ಟು ಮಾಡಿದವರು ಒಳಗೆ ಎಷ್ಟು ಸುಖವಾಗಿದ್ದರೋ ಎನಿಸಿತು.

ಕೋಟೆಯನ್ನು ಈಗಿನ ಹಾಗೆ ಕೆಂಪು ಕಲ್ಲಿನಲ್ಲಿ ಕಟ್ಟಿಸಿದವನು ತಾಜಮಹಲಿನ ಬಾದಶಹನ ಅಜ್ಜ. ಅವನ ಕಾಲದ್ದೆಂದು ಹೇಳುವ ಒಂದು ಮಹಲು ಇನ್ನೂ ಗಟ್ಟಿಯಾಗಿ ನಿಂತಿದೆ. ಒಳಗೆ ಹೋಗಿ ಮೇಲೆ ನೋಡಿದವಳು ಹಾಗೇ ನಿಂತುಬಿಟ್ಟೆ. ತೊಲೆ, ಕಂಬದ ತಲೆಯ ಬೋದಿಗೆ, ಆಸರೆಯ ಊರೆಗಟ್ಟಿಗೆ ಎಲ್ಲ ನಮ್ಮ ಹಳೆಯ ವಾಡೆಗಳಲ್ಲಿರುವ ಹಾಗೇ ಇದೆ, ಆದರೆ ಕಟ್ಟಿಗೆಯಲ್ಲ, ಕಲ್ಲು. ಬಡಿಗ ಮಾಡುವ ಕೆಲಸವನ್ನು ಕಲ್ಲುಕುಟಿಗನ ಕೈಯಿಂದ ಮಾಡಿಸಿದ್ದಾರೆ. ಚಾಚಿದ ಕಲ್ಲಿನ ತುದಿಯಲ್ಲಿ ನವಿಲುಗಳು. ಅಂಗಳದ ಹೊರಗೆ ಒಂದೇ ಬಂಡೆಯಲ್ಲಿ ಕೊರೆದ, ಮನುಷ್ಯನೆತ್ತರದ ದೊಡ್ಡ ಬಟ್ಟಲು. ಅದು ಬಾದಶಹ ಜಳಕ ಮಾಡುತ್ತಿದ್ದ ತೊಟ್ಟಿಯಂತೆ, ಇಳಿಯಲು ಅದಕ್ಕೇ ಮೆಟ್ಟಿಲು ಕೊರೆದಿದ್ದಾರೆ.

‘ನಮ್ಮ ಎಮ್ಮಿ ನಾಕೂ ಇದರಾಗ ಕುಂಡ್ರತಾವು’ ಎಂದಳು ನಾದಿನಿ.

ಮುಂದೆ ಹೋದಂತೆ ಕೆಂಪು ಮುಗಿದು ಬಿಳಿ ಕಲ್ಲು ಶುರುವಾಯಿತು. ಅದು ಮೊಮ್ಮಗ ಬಾದಶಹನ ಕಾಲದ್ದು, ತಾಜಮಹಲು ಕಟ್ಟಿಸಿದವನದೇ. ಅಜ್ಜನ ಕೆಂಪು ಕಟ್ಟಡಗಳನ್ನು ಎಷ್ಟೋ ಕಡೆ ಕೆಡವಿ ಅವನು ಬಿಳಿಯ ಮಹಲು ಎಬ್ಬಿಸಿದನಂತೆ. ಬಿದ್ದವಲ್ಲ, ಗಟ್ಟಿಯಾಗಿ ನಿಂತಿದ್ದವನ್ನೇ ಕೆಡವಿದ ಎಂದಾಗ ನಮ್ಮಲ್ಲೊಬ್ಬಳು ‘ಅಯ್ಯಯ್ಯ’ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಅಲ್ಲಿ ಒಂದು ದೊಡ್ಡ ಚೌಕದ ಅಂಗಳ. ಹೆಸರು ಅಂಗೂರಿ ಬಾಗ, ಎಂದರೆ ದ್ರಾಕ್ಷಿಯ ತೋಟ. ಆ ಹೆಸರು ಕೇಳಿ ಅಥಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಎಲ್ಲರೂ ಬಿಸಿಲಲ್ಲೇ ಅಂಗಳಕ್ಕಿಳಿದು ಬಳ್ಳಿ ಹುಡುಕಿದರು. ಒಂದೂ ಇಲ್ಲ. ನೆಲದ ಮೇಲೆ ಕಲ್ಲಿನ ಏರಿ ಹಾಕಿ ನಕ್ಷತ್ರದ ಹಾಗೆ ಸಣ್ಣ ಸಣ್ಣ ಮಡಿ ಮಾಡಿದ್ದಾರೆ, ಒಳಗೆ ಗಿಡ್ಡ ಗಿಡ.

‘ಇಷ್ಟ ಸಣ್ಣ ಮಡಿಯೊಳಗ ದ್ರಾಕ್ಷಿ ಬರತೈತೇನ? ಬೇರ ಎತ್ತಾಗ ಹೋಗಬೇಕು?’

‘ಬಾದಶಹಾಗ ಚಾಟಣಿ ಗೊತ್ತಿರಲಿಲ್ಲ ಬಿಡ. ಒಂದ ಬೆಳಿ ಬಂದು ಸತ್ತ ಹೋಗ್ಯಾವ.’

ನಾವು ನಗುತ್ತ ಬಿಳಿ ಮಹಲಿನ ಕಟ್ಟೆ ಹತ್ತಿದೆವು. ಮೂರು ಮನೆ ಸಾಲಾಗಿ ನಿಂತ ಹಾಗಿದೆ. ನಡುವಿನದು ಬಾದಶಹನದು. ಎರಡು ಬದಿಯವುಗಳ ಮೇಲೆ ಗುಡಿಸಲಿನ ಸೂರಿನಂತೆ ಬಾಗಿದ ಚಾವಣಿ, ಅದಕ್ಕೆ ಬಂಗಾರದ ಬಣ್ಣ. ಬಾದಶಹನ ಹೆಣ್ಣುಮಕ್ಕಳು ಅಲ್ಲಿರುತ್ತಿದ್ದರಂತೆ. ನಡುವಿನ ಮಹಲಿನ ಒಳಚಾವಣಿಗೆ ಒಂದು ಕಾಲಕ್ಕೆ ಬಂಗಾರದ ಹೂ ಬರೆದಿದ್ದರು, ಈಗ ಅಲ್ಲಲ್ಲಿ ಗುರುತು ಮಾತ್ರ. ಹೊಳೆಯ ಕಡೆ ಕಲ್ಲನ್ನೇ ಜರಡಿಯ ಹಾಗೆ ಕೊರೆದ ಜಾಲರಿ. ಮುಖ ಒಡ್ಡಿದರೆ ಆ ಬಿಸಿಲಲ್ಲೂ ಗಾಳಿ ತಂಪಾಗಿ ಬರುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ನನಗೊಂದು ವಿಚಿತ್ರ ಕಂಡಿತು. ಇಷ್ಟು ದೊಡ್ಡ ಮನೆಗೆ ಬಾಗಿಲುಗಳೇ ಇಲ್ಲ! ನಾದಿನಿಯ ಕಿವಿಯಲ್ಲಿ ಹೇಳಿದೆ, ಅವಳು ಗೈಡನನ್ನು ಕೇಳಿದಳು. ಬಾಗಿಲು ಯಾಕೆ, ಪರದೆ ಕಟ್ಟುತ್ತಿದ್ದರು, ಸುತ್ತ ಕಾವಲಿರುತ್ತಿತ್ತು, ನೋಡಿ ಪರದೆಯ ಕಡಗ ಎಂದು ಅವನು ಮೇಲೆ ತೋರಿಸಿದ. ಒಳಗಿಂದ ಚಿಲಕ ಹಾಕಿಕೊಳ್ಳುವ ಮಾತೇ ಇಲ್ಲದ ಮನೆ. ‘ಮತ್ತ ಅಡಿಗಿ ಮನಿ ಎಲ್ಲಿ?’ ಎಂದು ಇನ್ನೊಬ್ಬಳು ಕೇಳಿದಳು. ಅದನ್ನು ಗೈಡನಿಗೂ ತೋರಿಸಲಾಗಲಿಲ್ಲ. ಊಟ ಎಲ್ಲಿಂದಲೋ ಬರುತ್ತಿತ್ತು ಎಂದ. ಊಟ ಮೇಲೆಯೇ ಬರುತ್ತದೆ ಎಂದು ನನಗೂ ಒಬ್ಬರು ಹೇಳಿದ್ದು ಆಗ ಚುಳ್ಳೆಂದಿತು.

ಆಮೇಲೆ ಅವನು ನಮ್ಮನ್ನು ಗೋಡೆಯ ಅಂಚಿಗೆ ಕರೆದೊಯ್ದ. ಅಲ್ಲಿ ಕೋಟೆಯ ಗೋಡೆಯಿಂದ ಹೊಳೆಯ ಕಡೆಗೆ ಹೊರಚಾಚಿದ ಒಂದು ಎಂಟು ಮೂಲೆಯ ಬುರುಜು. ಬುರುಜಿನ ನೆತ್ತಿಯ ಮೇಲೆ ಪೂರಾ ಬಿಳಿ ಕಲ್ಲಿನ ಖೋಲಿ. ಒಳಗೆ ಬಿಡುವುದಿಲ್ಲ, ಅಡ್ಡ ಕಟ್ಟಿದ್ದಾರೆ. ಹೊರಗಿನಿಂದಲೇ ಕುತ್ತಿಗೆ ಚಾಚಿ ನೋಡಿದೆವು. ನೆಲದ ನಡುವೆ ಅರಳಿದ ಹೂವಿನಂತೆ ಕಾರಂಜಿಯ ಕುಳಿ ಕೊರೆದಿದ್ದಾರೆ. ಕಂಬಕ್ಕೆ, ಗೋಡೆಗೆ ಬಣ್ಣಬಣ್ಣದ ಕಲ್ಲಿನ ಬಳ್ಳಿ. ಬಿಳಿಯ ಕಲ್ಲಿನಲ್ಲಿ ಎಲೆಯ ಆಕಾರಕ್ಕೆ ಗುಳಿ ತೆಗೆದು, ಅದೇ ಅಳತೆಗೆ ಹಸಿರು ಕಲ್ಲು ಕತ್ತರಿಸಿ ಕೂರಿಸುವುದು, ದಳಕ್ಕೆ ಕೆಂಪು, ನಡುವೆ ಹಳದಿ. ಬೆಳಿಗ್ಗೆ ತಾಜಮಹಲಿನಲ್ಲಿ ಅಂಥದೇ ಹೂವಿನ ಮೇಲೆ ಬೆರಳಾಡಿಸಿದ್ದೆ, ಉಗುರಿಗೂ ಸಂದು ಸಿಕ್ಕಿರಲಿಲ್ಲ. ಈ ಖೋಲಿಯನ್ನು ಬಾದಶಹ ತನ್ನ ರಾಣಿಗೆಂದು ಕಟ್ಟಿಸಿದ. ಆ ರಾಣಿಯೇ ಸತ್ತು ತಾಜಮಹಲಿನಲ್ಲಿ ಮಲಗಿರುವವಳು. ಇಷ್ಟು ಹೇಳಿ ಗೈಡ್ ಸ್ವಲ್ಪ ನಿಂತು, ಮುದುಕನಾದಾಗ ಬಾದಶಹನನ್ನು ಸೆರೆ ಹಿಡಿದು ಇಲ್ಲೇ ಇಟ್ಟರು ಎಂದ.

‘ಯಾರ ಇಟ್ಟರಂತ?’ ಎಂದೆವು.

ನಾದಿನಿ ಕೇಳಿ ತಿಳಿದು ನಮ್ಮ ಕಡೆ ತಿರುಗಿದಳು. ಅವಳ ಮುಖದ ನಗು ಹೋಗಿತ್ತು. ‘ಮಗಾ ಇಟ್ಟನಂತ.’

‘ಸವತಿ ಮಗಾ ಇರಬೇಕ.’

‘ಅಲ್ಲಂತ ಬೇ. ಆ ತಾಜಮಹಲದಾಗ ಮಲಗ್ಯಾಳಲ್ಲ, ಅಕಿ ಹಡದ ಮಗಾನ ಅಂತ.’

ಗೈಡ್ ಮುಂದಿನದನ್ನೂ ಹೇಳಿದ. ಅಪ್ಪ ಬೇನೆ ಬಿದ್ದಾಗ ಮಕ್ಕಳು ಪಟ್ಟಕ್ಕಾಗಿ ಹೊಡೆದಾಡಿದರು. ಗೆದ್ದ ಮಗ ಈ ಕೋಟೆಗೆ ದಂಡು ತಂದ. ಅಷ್ಟೆತ್ತರದ ಗೋಡೆಗೆ ಅವನು ಏಣಿ ಹಚ್ಚಲಿಲ್ಲ, ಹೊಳೆಯಿಂದ ಒಳಗೆ ಹೋಗುವ ನೀರು ಕಟ್ಟಿದ. ಒಳಗಿನ ಬಾವಿಯ ಸವಳು ನೀರು ಗಂಟಲಿಗಿಳಿಯದೆ ಅಪ್ಪ ಬಾಗಿಲು ತೆಗೆದ. ಆಮೇಲೆ ಎಂಟು ವರ್ಷ, ಸಾಯುವವರೆಗೆ, ಹೊರಗೆ ಬಿಡಲಿಲ್ಲ. ಒಬ್ಬ ಮಗಳು ತಾನಾಗಿಯೇ ಅಪ್ಪನ ಜೊತೆ ಒಳಗೆ ಉಳಿದು ಆರೈಕೆ ಮಾಡಿದಳಂತೆ. ಸತ್ತಾಗ ಮೆರವಣಿಗೆ ಇಲ್ಲ, ಏನಿಲ್ಲ, ಹೊಳೆಯ ಮೇಲಿಂದ ಒಯ್ದು ಹೆಂಡತಿಯ ಪಕ್ಕದಲ್ಲಿ ಮಣ್ಣು ಮಾಡಿದರಂತೆ. ನಿಮ್ಮ ಇತಿಹಾಸದ ಪುಸ್ತಕವನ್ನು ಆಮೇಲೆ ನಾನು ತೆಗೆದು ನೋಡಿದೆ. ಅಲ್ಲಿ ಇದು ಒಂದೇ ಸಾಲು ಇದೆ. ಆ ಸಾಲನ್ನು ಆ ಜಾಗದಲ್ಲಿ ನಿಂತು ಕೇಳುವುದು ಬೇರೆ.

ಗೈಡ್ ನಮ್ಮ ಮುಖ ನೋಡಿ ಸಮಾಧಾನ ಹೇಳುವವನಂತೆ ನಕ್ಕು, ಕೈ ಚಾಚಿ ಹೊಳೆಯಾಚೆ ತೋರಿಸಿದ. ನಾದಿನಿ ಹೇಳಿದಳು, ‘ಆದ್ರೂ ಏನೂ ಕಮ್ಮಿ ಮಾಡಲಿಲ್ಲಂತ ಮಗಾ. ಇಂಥಾ ಹಾಲಿನಂಥಾ ಖೋಲಿ. ಮತ್ತ ನೋಡ್ರಿ, ಕಿಡಕಿಯಾಗಿಂದ ಹೇಣತಿ ಗೋರಿ ಕಾಣತೈತಿ. ನೋಡಕೋತ ನೋಡಕೋತ...’

ಅವಳು ನನ್ನ ಕಡೆ ತಿರುಗಿ ನೋಡಿದಳು.

ಬಿಳಿ ಕಮಾನಿನ ನಡುವೆ, ಬಿಸಿಲ ಝಳದಲ್ಲಿ, ದೂರದ ತಾಜಮಹಲು ಅಂಗೈಯಷ್ಟು ಕಾಣುತ್ತಿತ್ತು. ನನಗೆ ಮಾತ್ರ ಅಲ್ಲಿ ದ್ರಾಕ್ಷಿಯ ಪಡ ಕಂಡಿತು, ಅದರ ಅಂಚಿನ ಗದ್ದುಗೆ ಕಂಡಿತು. ಮೇಲಿನ ಖೋಲಿ, ಕಿಟಕಿ, ಮೇಲೆಯೇ ಬರುವ ಊಟ, ಇಳಿಯುವುದು ಬೇಕಾಗಿಲ್ಲದ ಪಾವಟಿಗೆ.  ಅಲ್ಲೇ ಕಟ್ಟೆಯ ನೆರಳಿನಲ್ಲಿ ಕುಸಿದು ಕೂತೆ. ಉಳಿದವರು ಬಿಸಿಲು ಬಡಿಯಿತೆಂದು ನೀರಿನ ಬಾಟಲಿ ಕೊಟ್ಟರು. ನಾದಿನಿ ಅವರನ್ನೆಲ್ಲ ಮುಂದೆ ಕಳಿಸಿ ನನ್ನ ಹತ್ತಿರ ಕೂತಳು.

‘ಏನಾತ ವೈನಿ?’

‘ನನ್ನ ಖೋಲಿ’ ಎಂದೆ.

ಅವಳು ಸಿಟ್ಟಾಗಿಬಿಟ್ಟಳು. ‘ನಮ್ಮ ಹುಡುಗನ್ನ ಆ ಪಾಪಿ ಜೋಡಿ ಹೋಲಸ್ತೀಯೇನ? ನೀರ ಕಟ್ಟಿದಾಂವಾ ಅಂವಾ! ಇಂವಾ ನಿನಗ ಗಾದಿ ಹಾಸಾಕತ್ತಾನ!’

‘ಹೋಲಸ್ತಿಲ್ಲ. ಇಂವಾ ಬಂಗಾರದಂಥಾಂವ. ಅದಕ್ಕ ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು.’

‘ನಮ್ಮಣ್ಣನ್ನ ನೋಡಾಕ ಬ್ಯಾಸರೇನ ನಿನಗ?’

ಅವಳ ಕಣ್ಣಲ್ಲಿ ನೀರಿತ್ತು. ಅವಳಿಗೆ ಅವನು ಒಬ್ಬನೇ ಅಣ್ಣ. ನಾನು ತಲೆ ತಗ್ಗಿಸಿ ಕೂತೆ. ಅವಳು ಮೂಗು ಒರೆಸಿಕೊಂಡು ಚೀಲದಿಂದ ಫೋನ್ ತೆಗೆದಳು. ‘ಹಂಗಾರ ನನ್ನ ಮುಂದ ಅಳಬ್ಯಾಡ. ಅವನ ಮುಂದ ಹೇಳು. ಊರಿಗೆ ಹೋದ ಮ್ಯಾಲ ನೀ ಬಾಯಿ ಬಿಡೂದಿಲ್ಲ, ನಾ ಬಲ್ಲೆ’ ಎಂದು ನಿಮ್ಮ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿ ನನ್ನ ಕೈಯಲ್ಲಿಟ್ಟಳು.

ಅವನ ಮುಖ ಬಂತು. ತಲೆಗೆ ಟವೆಲ್ ಸುತ್ತಿದ್ದ, ಗಡ್ಡದ ಮೇಲೆಲ್ಲ ಸಿಮೆಂಟಿನ ಧೂಳು. ನನ್ನ ಕಂಡು ಅರಳಿದ. ‘ಅವ್ವಾ! ಸರೀ ಟಾಯಮಿಗೆ ಹಚ್ಚಿದಿ ನೋಡು. ಈಗ ಕುಂಡರಸಾಕತ್ತಾರ.’ ಫೋನನ್ನು ತಿರುಗಿಸಿದ. ಗೌಂಡಿ ಗೋಡೆಯಲ್ಲಿ ಕಿಟಕಿಯ ಚೌಕಟ್ಟು ನಿಲ್ಲಿಸಿ ನೂಲು ಹಿಡಿಯುತ್ತಿದ್ದ. ಕಿಟಕಿಯ ಕೆಳಗೆ ಹೊಸದಾಗಿ ಕೂರಿಸಿದ ಬಿಳಿ ಕಲ್ಲು ಫಳಫಳ ಹೊಳೆಯುತ್ತಿತ್ತು. ‘ಮಾರ್ಬಲ್ ತರಿಸೇನಿ ಅವ್ವಾ, ನಿನಗಷ್ಟ. ನೀ ತಾಜಮಹಲ ನೋಡಾಕ ಹೋಗೀದಿ, ನಾ ನಿನಗ ಇಲ್ಲೇ ಮಾಡಾಕತ್ತೇನಿ!’ ಎಂದು ನಕ್ಕ. ಆ ಚೌಕಟ್ಟಿನ ಸರೀ ನಡುವೆ ನಿಮ್ಮ ಅಜ್ಜನ ಗದ್ದುಗೆ.

 ಎದುರಿಗೆ ಆ ಖೋಲಿ, ಕೈಯಲ್ಲಿ ಈ ಖೋಲಿ. ನಾದಿನಿ ನನ್ನ ಮೊಣಕೈ ತಿವಿದಳು.

‘ತಮ್ಮಾ, ನಾ ಮ್ಯಾಲ ಇರಂಗಿಲ್ಲ’ ಎಂದೆ.

ಧ್ವನಿ ನನಗೇ ಕೇಳಿಸಲಿಲ್ಲ. ‘ಏನಂದಿ ಅವ್ವಾ? ಅಲ್ಲೆ ಗದ್ದಲ ಭಾಳ ಐತಿ’ ಎಂದ. ನಾನು ಹುಟ್ಟಿದಾಗಿನಿಂದ ಹೊರಗಿನ ಜಾಗದಲ್ಲಿ ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ. ‘ಆ ಖೋಲಿ ನನಗ ಬ್ಯಾಡ! ನಾ ಕೆಳಗ ಇರತೇನಿ!’ ಎಂದು ಕೂಗಿದೆ. ಆ ಬಾಗಿಲಿಲ್ಲದ ಮಹಲಿನೊಳಗೆ ನನ್ನ ಮಾತು ಬಡಿದುಕೊಂಡು ಹೋಯಿತು. ಪರದೇಶದವರು, ಶಾಲೆಯ ಹುಡುಗರು, ಕಾವಲಿನವರು ಎಲ್ಲ ತಿರುಗಿ ನೋಡಿದರು.

ನಿಮ್ಮ ಅಪ್ಪನ ಮುಖದ ನಗು ಹಾಗೇ ನಿಂತು, ನಿಧಾನಕ್ಕೆ ಇಳಿಯಿತು. ‘ಯಾಕ? ಯಾರರ ಏನರ ಅಂದ್ರೇನ? ಅಕಿ ಏನರ ಅಂದ್ಲೇನ?’ ಎಂದ. ನಿಮ್ಮ ಅವ್ವನನ್ನು ಅನುಮಾನಿಸಿದ! ‘ಯಾರೂ ಏನೂ ಅಂದಿಲ್ಲೋ’ ಎನ್ನುವಷ್ಟರಲ್ಲಿ ಫೋನ್ ಕಟ್ ಆಗಿತ್ತು. ಅವನೇ ಇಟ್ಟಿದ್ದ.

ಕಾಶಿ ಮುಟ್ಟಿದರೂ ಅವನ ಫೋನ್ ಬರಲಿಲ್ಲ. ‘ಬಾದಶಹಾ ಏನಂತಾನ ವೈನಿ? ಫರ್ಮಾನ ಬಂತೇನ?’ ಎಂದು ನಾದಿನಿ ದಿನವೂ ಕಾಡಿಸುತ್ತಿದ್ದಳು, ನನ್ನನ್ನು ನಗಿಸಲೆಂದು. ಗಂಗೆಯಲ್ಲಿ ಮುಳುಗುವಾಗಲೂ ನನಗೆ ಅವನ ಆ ಇಳಿದ ಮುಖವೇ. ಫೋನ್ ಮಾಡಿದ್ದು ನಿಮ್ಮ ಅವ್ವ.

‘ಅತ್ತಿ, ಅವರು ಯಾರ ಜೋಡೀನೂ ಮಾತಾಡವಲ್ರು. ಗೌಂಡಿನ್ನ ಕಳಿಸ್ಯಾರ. ನಾ ಏನ ಮಾಡೇನ್ರಿ?’

‘ನೀ ಏನೂ ಮಾಡಿಲ್ಲವ್ವ’ ಎಂದೆ.

‘ಪಾವಟಿಗಿ ಏರಿ ಇಳಿಯೋದು ಅತ್ತಿಗೆ ಆಗಂಗಿಲ್ಲ ಅಂತ ನಾ ಮೊದಲ ಹೇಳಿದ್ನಿ. ಬೈದ್ರು. ನೀವೂ ಅವರ ಮುಂದ ಹೂಂ ಅಂದ್ರಿ. ನಾ ಮತ್ತ ಹ್ಯಾಂಗ ಹೇಳಲಿ?’

ಒಂದೇ ಒಲೆಯ ಮುಂದೆ ಕೂತು ಇಷ್ಟು ವರ್ಷ ರೊಟ್ಟಿ ಬಡಿದ ಇಬ್ಬರು, ಇಬ್ಬರ ಮನಸ್ಸಿನಲ್ಲೂ ಒಂದೇ ಮಾತು, ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಹಿಂತಿರುಗುವಾಗ ಮೀರಜಿಗೆ ಅವನೇ ಗಾಡಿ ತಂದಿದ್ದ. ಕಾಲಿಗೆ ಬಿದ್ದ, ಚೀಲ ಹೊತ್ತ, ಮಾತಿಲ್ಲ. ನಾದಿನಿ ನಿಪ್ಪಾಣಿಯ ಬಸ್ಸು ಹಿಡಿಯುವುದನ್ನು ಬಿಟ್ಟು ತಾನೂ ನಮ್ಮ ಜೊತೆ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂತಳು. ಕಾಗವಾಡದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದ. ಬಾಕಿನ ಮೇಲೆ ಮೂವರೂ ಕೂತೆವು. ಚಹಾ ಬಂತು, ಅವನು ಕಪ್ಪು ಮುಟ್ಟದೆ ರಸ್ತೆಯ ಕಡೆ ನೋಡುತ್ತ ನಾದಿನಿಗೆ ಹೇಳಿದ.

‘ಅತ್ತಿ, ನೀನ ಹೇಳು. ಕೆಳಗ ಇರೂದು ಎರಡ ಖೋಲಿ, ಒಂದು ಹುಡುಗೂರಿಗೆ ಬೇಕು. ಅವ್ವನ್ನ ಕೆಳಗ ಮಲಗಿಸಿ, ನಾವು ಗಂಡಾ ಹೇಣತಿ ಮ್ಯಾಲ ಮಲಗೋದೇನ? ದಿನಾ ಬೆಳಗಾದ್ರ ಅಕಿ ತಲಿ ಮ್ಯಾಲ ಕಾಲ ಇಟ್ಟು ಅಡ್ಡಾಡೋದೇನ ನಾ?’

ನಾನು ಅವನ ಮುಖವನ್ನೇ ನೋಡಿದೆ. ಇದು ನನಗೆ ಹೊಳೆದೇ ಇರಲಿಲ್ಲ.

‘ಅಪ್ಪನ ಮ್ಯಾಲಂತೂ ನನ್ನ ಕೈಯಾರೆ ಮಣ್ಣ ಎಳದೇನಿ, ಕಲ್ಲ ಹೊರಿಸೇನಿ’ ಎಂದ. ನನ್ನ ಕಡೆ ಬೆರಳು ಮಾಡಿದ. ‘ಇಕಿ ಇರೋತನಕ ಇಕಿ ಮ್ಯಾಲ ಏನೂ ಇರಬಾರದು, ಬರೇ ಆಕಾಶ ಇರಬೇಕು ಅಂತ ಆ ಖೋಲಿ ಹಿಡದೆ. ಇಕಿ ನೋಡಿದ್ರ ಪರಊರಾಗ ಕುಂತು ನಾಕ ಮಂದಿ ಮುಂದ ಬ್ಯಾಡ ಅಂತ ಚೀರತಾಳ.’

ಮಕ್ಕಳೇ, ಕೋಟೆಯಲ್ಲಿ ಬಡಿದ ಸಿಡಿಲಿಗಿಂತ ಇದು ದೊಡ್ಡದು. ನಾನು ಕಿಟಕಿ ನೋಡಿ ಅಂಜಿ ಕೂತಿದ್ದೆ. ಅವನು ಕಿಟಕಿಗಾಗಿ ಅಲ್ಲ, ಮೇಲೆ ಯಾರೂ ಕಾಲಿಡದ ಚಾವಣಿಗಾಗಿ ನನ್ನನ್ನು ಮೇಲೆ ಹತ್ತಿಸಿದ್ದ.

ನಾದಿನಿಯೂ ಕಣ್ಣೊರೆಸಿಕೊಂಡಳು, ಆದರೆ ಅವಳ ಬಾಯಿ ಎಷ್ಟು ಹೊತ್ತು ಸುಮ್ಮನಿದ್ದೀತು? ‘ಒಂಬತ್ತ ತಿಂಗಳ ಇಕಿ ಹೊಟ್ಟ್ಯಾಗ ಒದಕೋತ ಇದ್ದಿ. ಆಗ ಬರದ ಪಾಪ, ನಡುವ ಸ್ಲ್ಯಾಬ್ ಬಂದ ಮ್ಯಾಲ ಎಲ್ಲಿಂದ ಬಂತೋ ಹುಚ್ಚಾ?’ ಎಂದಳು. ಚಹಾದಂಗಡಿಯವನು ನಕ್ಕುಬಿಟ್ಟ. ನಿಮ್ಮ ಅಪ್ಪನಿಗೆ ನಗು ಬರಲಿಲ್ಲ. ನನ್ನ ಕಡೆ ತಿರುಗಿದ.

‘ಹಂಗಾರ ದಿನಾ ಅಪ್ಪನ್ನ ನೋಡೋದ ಬ್ಯಾಡೇನ ನಿನಗ?’

ಕೋಟೆಯಲ್ಲಿ ನಾದಿನಿಗೆ ಹೇಳಲಾಗದ ಉತ್ತರ ಆಗ ಬಂತು. ‘ತಮ್ಮಾ, ಹೋಗಿ ನೋಡಿ ಬರೋದ ಬ್ಯಾರೆ, ನೋಡಕೋತ ಕುಂಡ್ರೋದ ಬ್ಯಾರೆ. ನಾ ನಡದ ಹೋಗಿ ನೀರ ಹಾಕಿ ಬರತೇನಲ್ಲ, ಆಗ ನಿಮ್ಮಪ್ಪಗ ಮನಿ ಸುದ್ದಿ ಹೇಳತೇನಿ. ಎಮ್ಮಿ ಈಯಿತು, ಮಗಾ ಬೈದಾ, ಮೊಮ್ಮಗಳಿಗೆ ಸಾಲ್ಯಾಗ ನಂಬರ ಬಂತು ಅಂತ. ಮ್ಯಾಲ ಕುಂತರ ಏನ ಸುದ್ದಿ ಹೇಳಲಿ?’

ಅವನು ಆರಿದ ಚಹಾ ಬಶಿಗೆ ಸುರುವಿ ಒಂದೇ ಗುಟುಕಿಗೆ ಕುಡಿದು ಗಾಡಿ ಚಾಲೂ ಮಾಡಿದ.  ಮರುದಿನ ಗೌಂಡಿಯನ್ನು ಕರೆಸಿದ.

ಬಾಗಿಲ ಪಕ್ಕದಲ್ಲಿ ಗೊಬ್ಬರದ ಚೀಲ, ಡ್ರಿಪ್ಪಿನ ಪೈಪು ಇಡಲೆಂದು ಕಟ್ಟಿದ್ದ ಸಣ್ಣ ಖೋಲಿಯೇ ಈಗ ನನ್ನದು. ಅಲ್ಲಿ ಕೂತರೆ ಯಾರು ಬಂದರು, ಯಾರು ಹೋದರು ಎಲ್ಲ ಕಾಣುತ್ತದೆ. ಬಿಳಿ ಕಲ್ಲಿನ ಕಿಟಕಿಯ ಖೋಲಿಯಲ್ಲಿ ನಿಮ್ಮ ಅಪ್ಪ ಅವ್ವ ಮಲಗುತ್ತಾರೆ. ಮೊದಮೊದಲು ಬೆಳಿಗ್ಗೆ ಮೇಲಿನಿಂದ ಒಂದು ಸಪ್ಪಳವೂ ಕೇಳಿಸುತ್ತಿರಲಿಲ್ಲ. ಅಷ್ಟು ದೊಡ್ಡ ಗಂಡಸು ಗೋಡೆ ಹಿಡಿದುಕೊಂಡು ತುದಿಗಾಲಲ್ಲಿ ನಡೆಯುತ್ತಾನೆಂದು, ನನ್ನ ಹಾಸಿಗೆ ಇರುವ ಕಡೆ ಬಂದಾಗ ಬಳಸಿಕೊಂಡು ಹೋಗುತ್ತಾನೆಂದು ನಿಮ್ಮ ಅವ್ವ ಹೊಟ್ಟೆ ಹಿಡಿದು ನಗುತ್ತ ಹೇಳಿದಳು. ನಾನು ನಗಲಿಲ್ಲ. ‘ಸರಿಯಾಗಿ ನಡಿಯೋ’ ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು, ಹೇಳಲಿಲ್ಲ.

ಮೊನ್ನೆ ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರು ಬಂದು ರಸ್ತೆಯಲ್ಲಿ ಹಾರ್ನ್ ಹಾಕಿತು. ನಿಮ್ಮ ಅಪ್ಪ ಎಲ್ಲ ಮರೆತು ನನ್ನ ತಲೆಯ ಮೇಲೆ ದಡದಡ ಓಡಿದ. ಚಾವಣಿಯ ಸಪ್ಪಳ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಪಾವಟಿಗೆಗೆ ಬಂದವನಿಗೆ ಕೆಳಗೆ ನಾನಿರುವುದು ನೆನಪಾಗಿರಬೇಕು, ಅಲ್ಲೇ ನಿಂತ.

‘ಅವ್ವಾ...’ ಎಂದ ಮೇಲಿನಿಂದ.

‘ಓಡೋ, ಗಾಡಿ ಹೋದೀತ!’ ಎಂದು ಕೂಗಿದೆ.